ಆಳಂದದ ಉಸ್ತಾದರ ಎಡಗೈ

ಅವರ ಮುಖ ನೋಡುವ ಮೊದಲು ನಾನು ಅವರ ಎಡಗೈಯ ಎಲುಬುಗಳನ್ನು ನೋಡಿದೆ. ಹೀಗೆ ಬರೆಯುವುದು ಹಿತವಾಗಿದೆ. ಹಿತವಾಗಿರುವುದರಿಂದಲೇ ನನಗೆ ಇದರ ಮೇಲೆ ಸಂಶಯ. ದಿನಚರಿ ತೆಗೆದು ನೋಡಿದರೆ, ಮೊದಲ ದಿನ ನಾನು ಭಾವಿಯ ನೀರು ಸೇದಿ ಎಂಟು ಹರವಿ ತುಂಬಿಸಿದೆ ಎಂದಷ್ಟೇ ಇದೆ. ಅಂದರೆ ಕೈ ಕಂಡದ್ದು ಎರಡನೆಯ ದಿನವೋ ಮೂರನೆಯ ದಿನವೋ ಇರಬೇಕು. ಅಷ್ಟರಲ್ಲಿ ಅವರ ಮುಖವನ್ನೂ ನೋಡಿಯೇ ಇರಬೇಕು. ಆದರೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಕೈಯೇ.

ದವಾಖಾನೆಯ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಎರಡು ಕರಿ ಕಂಬಳಿ ಇಳಿಬಿಟ್ಟಿದ್ದರು. ಹೊರಗೆ ಆಳಂದದ ಏಪ್ರಿಲ್ ಬಿಸಿಲು. ಒಳಗೆ ಕಾಲಿಟ್ಟರೆ ಏನೂ ಕಾಣಲಿಲ್ಲ. ಮೂಲೆಯಿಂದ ಒಂದು ದನಿ ಬಂತು.

"ಅಲ್ಲೇ ಕುಂದರ್ರಿ. ನಿಮ್ಮ ಕಣ್ಣ ಇನ್ನಾ ಬಿಸಲಾಗ ಅದಾವ. ಅವು ಒಳಗ ಬರೂತನಕಾ ಕುಂದರ್ರಿ."

ಕುಳಿತೆ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಹೊರಗಿನ ಇಂಜಿನ್ನಿನ ಸದ್ದು ಏರಿತು, ಎದುರಿನ ಪರದೆ ಮಸುಕು ಹಸಿರಾಗಿ ಬೆಳಗಿತು, ಅದರ ಮೇಲೆ ಒಂದು ಕೈಯ ಎಲುಬುಗಳು ಕಪ್ಪಗೆ ಮೂಡಿದವು. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಬಿಚ್ಚಿಕೊಂಡವು, ನನ್ನನ್ನು ಹತ್ತಿರ ಕರೆದವು. ನಾನು ಹೆದರಿದ್ದು ಅವರಿಗೆ ಹೇಗೆ ತಿಳಿಯಿತೋ, ನಕ್ಕು, ಇದು ನನ್ನದೇ ಕೈ, ಇನ್ನೂ ಜೀವಂತ ಅದ ಅಂದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಜೇವರ್ಗಿಯಲ್ಲಿದ್ದಾರೆ. ಅವರಿಗೆ ಗೊತ್ತಿರುವ ಅಪ್ಪ, ಅಜ್ಜ ಅವರಿಗೇ ಇರಲಿ. ಊರ ಜನ ಅವರನ್ನು ಎಲಬಿನ ಮಾಸ್ತರ ಅನ್ನುತ್ತಿದ್ದರು. ನಾನು ಉಸ್ತಾದ್ ಅನ್ನುತ್ತಿದ್ದೆ.

ಅದು ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಆಳಂದದಲ್ಲಿ ಒಬ್ಬ ವ್ಯಾಪಾರಿ ತಮ್ಮ ತಾಯಿಯ ಹೆಸರಿನಲ್ಲಿ ಧರ್ಮದ ದವಾಖಾನೆ ಕಟ್ಟಿಸಿ, ಮುಂಬಯಿಯಿಂದ ಒಂದು ಎಕ್ಸ್‌ರೇ ಯಂತ್ರ ತರಿಸಿದ್ದರು. ಸೊಲ್ಲಾಪುರದ ತನಕ ರೈಲಿನಲ್ಲಿ, ಅಲ್ಲಿಂದ ಲಾರಿಯಲ್ಲಿ ಬಂದದ್ದು. ಊರಿಗೆ ಕರೆಂಟು ಇರಲಿಲ್ಲ. ಯಂತ್ರಕ್ಕೆಂದೇ ಹಿಂದಿನ ಛಪ್ಪರದಲ್ಲಿ ಎಣ್ಣೆಯ ಇಂಜಿನ್ ಇತ್ತು. ಯಂತ್ರದ ಜೊತೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವೂ ಬಂದಿತ್ತು, ಅದಕ್ಕೆ ಬಿಡುವಿಲ್ಲದ ದವಾಖಾನೆಯ ಡಾಕ್ಟರರು ಓದಬಲ್ಲವನೊಬ್ಬನನ್ನು ಹುಡುಕುತ್ತಿದ್ದರು. ನಾನು ಅಫಜಲಪುರ ತಾಲೂಕಿನ ಅತನೂರಿನವ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು, ತಹಸೀಲ ಕಚೇರಿಯಲ್ಲಿ ಕೂಡ್ರು ಎಂಬ ಅಪ್ಪನ ಮಾತಿನಿಂದ ತಪ್ಪಿಸಿಕೊಳ್ಳಲು ದಾರಿ ನೋಡುತ್ತಿದ್ದೆ. ಒಂದು ವರ್ಷ ಉಸ್ತಾದರ ಕೈಕೆಳಗೆ ಕಲಿತು ಹೈದರಾಬಾದಿಗೆ ಹೋಗಿ ಪರೀಕ್ಷೆ ಕೊಟ್ಟರೆ ಸರ್ಟಿಫಿಕೇಟು, ಅದರ ಹಿಂದೆ ಸರಕಾರಿ ದವಾಖಾನೆಯ ನೌಕರಿ.

ಉಸ್ತಾದರಿಗೆ ಸರ್ಟಿಫಿಕೇಟು ಇರಲಿಲ್ಲ. ಹಿಂದಿನ ಯುದ್ಧದಲ್ಲಿ ಗಾಯಾಳುಗಳನ್ನು ಹೊರಲು ಕಡಲಾಚೆಯ ಬಸರಾಕ್ಕೆ ಹೋದವರು, ಅಲ್ಲಿಯ ಡೇರೆ ದವಾಖಾನೆಯಲ್ಲಿ ಒಬ್ಬ ಗೋರಾ ಡಾಕ್ಟರನ ಪಕ್ಕ ನಿಂತು ನಿಂತು ಈ ವಿದ್ಯೆ ಕಲಿತು ಬಂದು, ಆಮೇಲೆ ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಅಂಥದೇ ಹಳೆಯ ಯಂತ್ರ ನಡೆಸಿದ್ದರು. ಶಾಲೆ ಕಂಡದ್ದು ನಾಲ್ಕನೆಯ ಇಯತ್ತೆಯ ತನಕ, ಜೇವರ್ಗಿಯಲ್ಲಿ. ಕನ್ನಡ ಓದಲು ಬರುತ್ತಿತ್ತು, ಉರ್ದು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು, ಇಂಗ್ಲಿಷ್ ಇಲ್ಲ. ಮೊದಮೊದಲು ನನ್ನನ್ನು ಬಿ.ಎ. ಸಾಹೇಬ್ರ ಅಂತ ಕರೆದು ಬಹುವಚನದಲ್ಲಿ ಕೊಲ್ಲುತ್ತಿದ್ದರು. ಒಂದು ದಿನ ನಾನು ಒಂದು ಫಿಲ್ಮನ್ನು ಕತ್ತಲೆ ಕೋಣೆಯ ಬಾಗಿಲು ತೆರೆದು ಹಾಳು ಮಾಡಿದೆ. ಅವತ್ತು ಸಿಟ್ಟಿನಲ್ಲಿ "ಲೇ" ಅಂದರು. ಆಮೇಲೆ ಆ ಲೇ ಹೋಗಲೇ ಇಲ್ಲ. ಸಿಟ್ಟು ಇಳಿದ ಮೇಲೂ ಉಳಿಯಿತು. ಅಷ್ಟು ಹಗುರಾಗಿ ನನ್ನನ್ನು ಮತ್ತೆ ಯಾರೂ ಕರೆದಿಲ್ಲ.

ಅವರ ರೀತಿಗಳಲ್ಲಿ ಕೆಲವು ಹೇಳುತ್ತೇನೆ, ನೆನಪಾದ ಹಾಗೆ.

ಫಿಲ್ಮು ತೊಳೆಯುವ ಕೋಣೆಯಲ್ಲಿ ಗಡಿಯಾರ ಕಾಣುವಷ್ಟೂ ಬೆಳಕಿಲ್ಲ. ಔಷಧದ ನೀರಿನಲ್ಲಿ ಎಷ್ಟು ಹೊತ್ತು ಮುಳುಗಿಸಬೇಕು ಎಂಬುದನ್ನು ಅವರು ಮಗ್ಗಿಯಿಂದ ಅಳೆಯುತ್ತಿದ್ದರು. ಎರಡೊಂದ್ಲೆ ಎರಡರಿಂದ ಶುರು. ಚಳಿಗಾಲದಲ್ಲಿ ಹನ್ನೆರಡರ ಮಗ್ಗಿ ಮುಗಿಯುವತನಕ, ಬೇಸಿಗೆಯಲ್ಲಿ ನೀರು ಬೆಚ್ಚಗಿರುವುದರಿಂದ ಏಳಕ್ಕೇ ನಿಲ್ಲಿಸಬೇಕು. ಅವಸರ ಮಾಡುವ ಹಾಗಿಲ್ಲ, ಎಳೆಯುವ ಹಾಗೂ ಇಲ್ಲ, ಶಾಲೆಯ ಹುಡುಗರು ಹೇಳುವ ಅದೇ ರಾಗದಲ್ಲಿ ಹೇಳಬೇಕು. ಬಿ.ಎ. ಆದ ನಾನು ಕತ್ತಲಲ್ಲಿ ನಿಂತು ಗಟ್ಟಿಯಾಗಿ ಮಗ್ಗಿ ಹೇಳುವುದನ್ನು ಹೊರಗೆ ಕಾಯುವ ರೋಗಿಗಳು ಕೇಳಿ ನಗುತ್ತಿದ್ದರು. ಆರರ ಮಗ್ಗಿಯಲ್ಲಿ ನಾನು ತಪ್ಪಿದರೆ ಹೊರಗಿನಿಂದ ಯಾರೋ ತಿದ್ದಿದ್ದೂ ಉಂಟು. ಅವಸರದ ಪ್ಲೇಟ ಅಂದ್ರ ಹಸಿ ರೊಟ್ಟಿ, ಅನ್ನುತ್ತಿದ್ದರು ಉಸ್ತಾದ್. ಫಿಲ್ಮಿಗೆ ಅವರು ಕೊನೆಯತನಕ ಪ್ಲೇಟು ಎಂದೇ ಅಂದರು.

ಮಣ್ಣೂರಿನಿಂದ ಒಬ್ಬ ಹೆಣ್ಣುಮಗಳನ್ನು ಚಕ್ಕಡಿಯಲ್ಲಿ ಕರೆತಂದಿದ್ದರು. ತಿಂಗಳುಗಟ್ಟಲೆ ಕೆಮ್ಮು. ಎದೆಯ ಫೋಟೋ ತೆಗೆಯಬೇಕು, ಕೊರಳಲ್ಲಿ ತಾಳಿ, ಅದನ್ನು ತೆಗೆಯಲು ಆಕೆ ಒಪ್ಪಳು. ಅತ್ತೆ ಒಪ್ಪಿದರೂ ಆಕೆ ಒಪ್ಪಳು. ನಾನು ಪುಸ್ತಕದ ಮಾತು ಹೇಳಿದೆ, ಲೋಹ ಇದ್ದರೆ ನೆರಳು ಬೀಳುತ್ತದೆ ಅಂತ. ಉಸ್ತಾದ್ ನನ್ನನ್ನು ಸರಿಸಿ, ಮುಖ ಆಚೆ ಮಾಡಿ ನಿಂತು, ಒಂದು ನೂಲು ಅತ್ತೆಯ ಕೈಗೆ ಕೊಟ್ಟರು. ತಾಳಿಯನ್ನು ಹಿಂದಕ್ಕೆ ತಿರುಗಿಸಿ ಕುತ್ತಿಗೆಯ ಮೇಲೆ, ಜಡೆಯ ಬುಡಕ್ಕೆ ಕಟ್ಟಿಸಿದರು. ಕೊರಳೂ ಬರಿದಾಗಲಿಲ್ಲ, ಎದೆಯೂ ಸ್ವಚ್ಛ ಬಂತು. "ದಮ್ ಹಿಡೀರಿ ತಾಯಿ" ಅಂದರು. ಆಕೆ ಹಿಡಿದಳು. ಬಿಡಿ ಅನ್ನುವುದನ್ನು ಮರೆಯುವವರಲ್ಲ ಅವರು. ಹೊಸಬರು ಅದನ್ನೇ ಮರೆಯುತ್ತಾರೆ, ರೋಗಿ ಕಣ್ಣು ಬಿಟ್ಟುಕೊಂಡು ಉಸಿರು ಕಟ್ಟಿ ನಿಂತೇ ಇರುತ್ತಾನೆ. ನಾನೂ ಮರೆತಿದ್ದೇನೆ.

ಈಗ ಕೈಯ ವಿಷಯ.

ಬಸರಾದಲ್ಲಿ ಅವರು ಕಲಿತ ಹಳೆಯ ಯಂತ್ರದ ಕಿರಣ ಬಿಡುವ ಗಾಜಿನ ನಳಿಗೆ ದಿನಕ್ಕೊಂದು ಸ್ವಭಾವದ್ದು. ಇವತ್ತು ತೀಕ್ಷ್ಣ, ನಾಳೆ ಮೆತ್ತಗೆ. ರೋಗಿಯನ್ನು ಮಲಗಿಸುವ ಮೊದಲು ಯಂತ್ರ ನಡೆಸುವವ ತನ್ನ ಕೈಯನ್ನು ಪರದೆಯ ಹಿಂದೆ ಹಿಡಿದು, ಎಲುಬು ಎಷ್ಟು ಕಪ್ಪು, ಮಾಂಸ ಎಷ್ಟು ಮಸುಕು ಎಂದು ನೋಡಿ ಆ ದಿನದ ಶಕ್ತಿ ನಿರ್ಧರಿಸಬೇಕಾಗಿತ್ತು. ಆಳಂದದ ಯಂತ್ರಕ್ಕೆ ಅದು ಬೇಕಾಗಿರಲಿಲ್ಲ. ಅಲ್ಲಿ ಅಳತೆಯ ಮುಳ್ಳು ಇತ್ತು. ಆದರೆ ಉಸ್ತಾದರಿಗೆ ಮುಳ್ಳಿನ ಮೇಲೆ ನಂಬಿಕೆ ಇರಲಿಲ್ಲ. "ಮುಳ್ಳು ಸುಳ್ಳ ಹೇಳ್ತದ, ಎಲಬು ಹೇಳಂಗಿಲ್ಲ" ಎಂಬುದು ಅವರ ಮಾತು. ದಿನಾಲು ಮುಂಜಾನೆ ಕೈ ಇಡುತ್ತಿದ್ದರು. ಪ್ರತಿ ರೋಗಿಗೂ ಮೊದಲು ಇಡುತ್ತಿದ್ದರು. ಮತ್ತು ನನಗೆ ಕಲಿಸುವುದಕ್ಕೆ ಇಡುತ್ತಿದ್ದರು. ನಾನು ಗುಂಡಿ ತಿರುವಬೇಕು, ಅವರ ಬೆರಳು, ಮಣಿಕಟ್ಟು, ಮೊಣಕೈ ಒಂದೊಂದೇ ಪರದೆಯ ಹಿಂದೆ ಬರಬೇಕು, ಎಷ್ಟು ದಪ್ಪಕ್ಕೆ ಎಷ್ಟು ಶಕ್ತಿ ಎಂದು ನಾನು ಹೇಳಬೇಕು. ತಪ್ಪಿದರೆ ಮತ್ತೆ. ನಾನು ಬಹಳ ತಪ್ಪುತ್ತಿದ್ದೆ. ನನ್ನ ಕೈ ಇಡುತ್ತೇನೆ ಎಂದು ಒಮ್ಮೆ ಅಂದೆ. ಕೈ ಇಟ್ಟವನಿಗೆ ಗುಂಡಿ ಕಾಣುವುದಿಲ್ಲ, ನೀನು ಗುಂಡಿ ಕಲಿ ಅಂದರು.

ಆ ಎಡಗೈ ಹೊರಗೆ ಬೆಳಕಿನಲ್ಲಿ ಹೇಗಿತ್ತು ಎಂಬುದನ್ನು ಬರೆಯಲು ಕಷ್ಟವಾಗುತ್ತದೆ. ಚರ್ಮ ಒಣಗಿ ಹೊಳೆಯುತ್ತಿತ್ತು, ಉಗುರುಗಳು ಉದ್ದುದ್ದ ಸೀಳಿದ್ದವು, ಬೆರಳ ಹಿಂದೆ ಕಾಳಿನಂಥ ಗಂಟುಗಳು. ಸಂಜೆ ಕುಸುಬಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಔಷಧದ ನೀರು ತಿಂದ ಕೈ ಅನ್ನುತ್ತಿದ್ದರು. ಡಾಕ್ಟರರೂ ಇಸುಬು ಅಂತ ಒಂದು ಮುಲಾಮು ಬರೆದುಕೊಟ್ಟಿದ್ದರು. ಎಲ್ಲರೂ ನಂಬಿದೆವು. ನಂಬಿದ್ದಕ್ಕೇ ನಾನೊಂದು ಉಪಕಾರ ಮಾಡಿದೆ. ಇನ್ನು ಮೇಲೆ ಫಿಲ್ಮು ತೊಳೆಯುವುದು ನನ್ನ ಕೆಲಸ, ನೀವು ಆ ನೀರು ಮುಟ್ಟಬೇಡಿ, ಯಂತ್ರದ ಹತ್ತಿರವೇ ಇರಿ ಅಂದೆ. ಅವರು ಬಹಳ ಸಂತೋಷಪಟ್ಟರು. ಇಂಥ ಮಗ ಸಿಗಬೇಕು ಎಂದು ಡಾಕ್ಟರರ ಮುಂದೆ ಅಂದರಂತೆ.

ಯಂತ್ರದ ಪೆಟ್ಟಿಗೆಯಲ್ಲಿ ಒಂದು ಜೊತೆ ಕೈಗವಸು ಬಂದಿದ್ದವು. ಬಹಳ ದಪ್ಪ, ಬಹಳ ಭಾರ. ಏತಕ್ಕೆಂದು ಯಾರಿಗೂ ತಿಳಿಯಲಿಲ್ಲ. ಇಂಜಿನ್ ನಡೆಸುವ ಭೀಮಣ್ಣನಿಗೆ ಬಿಸಿ ಕೊಳವೆ ಮುಟ್ಟಿ ಕೈ ಸುಡುತ್ತಿತ್ತು. ಹೊಗೆ ಕೊಳವೆಗೇ ಕಳಿಸಿರಬೇಕು ಎಂದು ಉಸ್ತಾದ್ ಅವನ್ನು ಭೀಮಣ್ಣನಿಗೆ ಕೊಟ್ಟಿದ್ದರು. ಒಳಗೆ ಸೀಸ ತುಂಬಿದ ಆ ಕೈಗವಸು ತೊಟ್ಟು ಭೀಮಣ್ಣ ಛಪ್ಪರದಲ್ಲಿ ಇಂಜಿನ್ ತಿಕ್ಕುತ್ತಿದ್ದ, ಗೋಡೆಯ ಈಚೆ ಉಸ್ತಾದ್ ಬರಿಗೈಯಲ್ಲಿ ಇದ್ದರು.

ಮಧ್ಯಾಹ್ನ ಊಟವಾದ ಮೇಲೆ ಪುಸ್ತಕದ ಪಾಠ. ಇದು ಅವರೇ ಹಾಕಿದ ಕ್ರಮ. ನಾನು ಒಂದೊಂದು ಪುಟ ಓದಿ ಕನ್ನಡದಲ್ಲಿ ಹೇಳಬೇಕು. ಅವರು ಎಲಿ ಅಡಕಿ ಹಾಕಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳುವರು. ಬರೆದವ ತಪ್ಪಿದ್ದಾನೆ ಅನಿಸಿದರೆ ಪುಸ್ತಕದ ಜೊತೆಗೇ ಜಗಳ. ಇವನು ನಮ್ಮ ಬಿಸಿಲು ನೋಡಿಲ್ಲ, ಇವನು ರೋಗಿಯನ್ನು ನಿಲ್ಲಿಸಿ ನೋಡಿಲ್ಲ ಅನ್ನುವರು. ಸರಿ ಅನಿಸಿದರೆ ಎರಡನೆಯ ಸಲ ಓದಿಸಿ, ಮರುದಿನ ಮುಂಜಾನೆ ಅದರಂತೆಯೇ ಮಾಡುವರು. ಬಸರಾದಿಂದ ತಂದ ಎಷ್ಟೋ ರೂಢಿಗಳನ್ನು ಹೀಗೆ ಬಿಟ್ಟರು. ಐವತ್ತು ದಾಟಿದವರು ಇಪ್ಪತ್ಮೂರರ ಹುಡುಗನ ಬಾಯಿಯಿಂದ ಕೇಳಿ, ತಮ್ಮ ವಿದ್ಯೆ ತಿದ್ದಿಕೊಳ್ಳುವುದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಪರೀಕ್ಷೆಗೆ ಮೂರು ತಿಂಗಳಿದ್ದಾಗ, ಅಂಥದೇ ಒಂದು ಮಧ್ಯಾಹ್ನ, ಓದುತ್ತಾ ನಾನು ಒಂದು ಅಧ್ಯಾಯದ ಮೊದಲ ಪುಟಕ್ಕೆ ಬಂದೆ. ಯಂತ್ರ ನಡೆಸುವವರು ತಮ್ಮನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬ ಅಧ್ಯಾಯ. ಎದುರು ಪುಟದಲ್ಲಿ ಒಂದು ಕೈಯ ಚಿತ್ರ. ಸೀಳಿದ ಉಗುರು, ಗಂಟು, ಹೊಳೆಯುವ ಚರ್ಮ. ಕೆಳಗೆ ಬರೆದಿತ್ತು: ಪರದೆಯ ಹಿಂದೆ ಕೈ ಹಿಡಿದು ಪರೀಕ್ಷಿಸುತ್ತಿದ್ದ ಹಳೆಯ ಕೆಲಸಗಾರನ ಕೈ, ಮುಂದೆ ಅರ್ಬುದವಾಗಿ ಕತ್ತರಿಸಬೇಕಾಯಿತು. ಸೀಸದ ಕೈಗವಸು ಕಿರಣ ತಡೆಯುವುದಕ್ಕೆ ಎಂಬುದೂ ಅಲ್ಲೇ ಇತ್ತು.

ನಾನು ತಲೆ ಎತ್ತಿ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಎಡಗೈ ತೊಡೆಯ ಮೇಲೆ ಅಂಗಾತ ಇತ್ತು.

ನಾನು ಆ ಹಾಳೆಗಳನ್ನು ಕೂಡಿಯೇ ತಿರುವಿ ಮುಂದಿನ ಅಧ್ಯಾಯ ಓದಿದೆ. ಎದೆಯ ಫೋಟೋದ ಅಧ್ಯಾಯ ಅದು.

ಯಾಕೆ? ಇದನ್ನು ನನ್ನೊಳಗೆ ನೂರು ಸಲ ಕೇಳಿದ್ದೇನೆ, ನೂರು ಉತ್ತರ ಬಂದಿವೆ. ಹೆದರುತ್ತಾರೆ ಎಂಬ ಕರುಣೆ ಎಂದು ಕೆಲವು ವರ್ಷ ನಂಬಿದ್ದೆ. ಡಾಕ್ಟರರಿಗೆ ಮೊದಲು ತಿಳಿಸಬೇಕು ಎಂದುಕೊಂಡೆ ಅಂತಲೂ ಇತ್ತು. ಡಾಕ್ಟರರಿಗೂ ನಾನು ಹೇಳಲಿಲ್ಲ. ಇನ್ನೊಂದು ಉತ್ತರ ಇದೆ: ಅವರು ಕೈ ತೆಗೆದರೆ ನನ್ನ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಮುಳ್ಳು ನೋಡದೆ ಶಕ್ತಿ ಹೇಳಿಸುತ್ತಾರೆ ಎಂದು ಕೇಳಿದ್ದೆ. ಆ ಕಣ್ಣು ನನಗೆ ಅವರ ಕೈಯ ಮೇಲೆಯೇ ಬರಬೇಕಾಗಿತ್ತು. ಇಷ್ಟು ಸ್ಪಷ್ಟವಾಗಿ ಆವತ್ತು ಯೋಚಿಸಿದೆನೇ? ಇಲ್ಲವೆಂದು ತೋರುತ್ತದೆ. ಆದರೆ ಪರೀಕ್ಷೆ ಆದ ಮೇಲೆ ಹೇಳಿದರಾಯಿತು ಎಂದುಕೊಂಡದ್ದು ಮಾತ್ರ ನಿಜ. ಪರೀಕ್ಷೆ ಎಂಬ ಮಾತು ಅದರಲ್ಲಿ ಯಾಕೆ ಬಂತು?

ದಿನಚರಿಯಲ್ಲಿ ಆ ದಿನ: "ಎದೆಯ ಅಧ್ಯಾಯ ಓದಿದೆವು. ಉಸ್ತಾದರಿಗೆ ದಣಿವು." ಅಷ್ಟೇ.

ಮರುದಿನದಿಂದ ನಾನು ಪರದೆಯಿಂದ ಒಂದು ಹೆಜ್ಜೆ ಹಿಂದೆ ನಿಂತೆ. ಇದು ದಿನಚರಿಯಲ್ಲಿಲ್ಲ, ಇದಕ್ಕೆ ದಿನಚರಿ ಬೇಕಿಲ್ಲ. ಅವರು ಎರಡು ದಿನದಲ್ಲೇ ಗಮನಿಸಿದರು.

"ಯಾಕಲೇ ದೂರ ನಿಂತಿ? ಕಣ್ಣ ಹತ್ತವಲ್ಲವೇನು?"

ದೂರದಿಂದ ಚಲೋ ಕಾಣುತ್ತದೆ ಅಂದೆ. ಅವರು ಅದನ್ನೂ ನಂಬಿದರು. ಅಷ್ಟು ದೂರದಿಂದ ನನಗೆ ಸರಿಯಾಗಿ ಕಾಣಲೆಂದು ಕೈಯನ್ನು ಹೆಚ್ಚು ಹೊತ್ತು ಹಿಡಿಯತೊಡಗಿದರು.

ಪರೀಕ್ಷೆ ಪಾಸಾದೆ. ಪರೀಕ್ಷಕರು ನಳಿಗೆಯ ಶಕ್ತಿಯನ್ನು ಪರದೆ ನೋಡಿಯೇ ಹೇಳಿಸಿದರು, ನಾನು ಒಂದೂ ತಪ್ಪಲಿಲ್ಲ, ಯಾರಲ್ಲಿ ಕಲಿತೆ ಎಂದು ಅವರೇ ಕೇಳಿದರು. ಆಳಂದಕ್ಕೆ ಮರಳಿದಾಗ ಉಸ್ತಾದ್ ನನ್ನ ಸರ್ಟಿಫಿಕೇಟನ್ನು ದವಾಖಾನೆಯ ಎಲ್ಲರಿಗೂ ತೋರಿಸಿದರು. ಭೀಮಣ್ಣ ಎಣ್ಣೆಗೈಯಲ್ಲಿ ಮುಟ್ಟಲು ಬಂದರೆ ಬೈದರು. ಹೈದರಾಬಾದಿನಲ್ಲಿ ನೌಕರಿ ಸಿಕ್ಕು, ಎಂಟು ದಿನದಲ್ಲಿ ಹೊರಡಬೇಕಾಗಿತ್ತು. ಆ ಎಂಟೂ ದಿನ ಹೇಳಬೇಕೆಂದುಕೊಂಡೆ. ಅವರು ಅಷ್ಟು ಸಂತೋಷದಲ್ಲಿದ್ದರು. ಹೊರಡುವ ದಿನ ಮುಂಜಾನೆ ಪುಸ್ತಕದಲ್ಲಿ ಆ ಅಧ್ಯಾಯದ ಹಾಳೆಯ ಮೂಲೆ ಮಡಚಿ ಡಾಕ್ಟರರ ಮೇಜಿನ ಮೇಲಿಟ್ಟು ಬಂದೆ. ಹಾಗಂತ ನೆನಪು. ನಿಜವಾಗಿ ಇಟ್ಟೆನೋ, ಇಡಬೇಕೆಂದುಕೊಂಡೆನೋ, ಈಗ ಪ್ರಮಾಣ ಮಾಡಿ ಹೇಳಲಾರೆ.

ಎರಡು ವರ್ಷದ ಮೇಲೆ ಅವರ ಮಗನ ಕಾಗದ ಬಂತು. ಒಂದು ಗಂಟು ಹುಣ್ಣಾಗಿ ಮಾಯಲಿಲ್ಲ. ಸೊಲ್ಲಾಪುರಕ್ಕೆ ಒಯ್ದರು. ಮೊದಲು ಎರಡು ಬೆರಳು ತೆಗೆದರು, ಆರು ತಿಂಗಳಿಗೆ ಮೊಣಕೈಯ ತನಕ. ಈಗ ಕಂಕುಳಲ್ಲಿ ಗಡ್ಡೆ. ಅಬ್ಬಾ ನಿಮ್ಮನ್ನು ಕೇಳುತ್ತಿದ್ದಾರೆ, ಎಂದು ಬರೆದಿದ್ದ.

ಜೇವರ್ಗಿಯಲ್ಲಿ ಅವರ ಮನೆ ಒಂದೇ ಅಂಕಣದ್ದು, ಮುಂದೆ ಬೇವಿನ ಗಿಡ. ಹತ್ತು ಗಂಟೆಯ ಹೊತ್ತು. ಗೋಡೆಗೆ ಒರಗಿ ಕುಳಿತಿದ್ದರು, ಕತ್ತರಿಸಿ ಉಳಿದ ತೋಳಿನ ಮೇಲೆ ಹಳೆಯ ಧೋತರದ ತುಂಡು ಹೊದಿಸಿತ್ತು. ಎಷ್ಟು ಸಣ್ಣವರಾಗಿದ್ದರೆಂದರೆ ನಾನು ಮೊದಲು ಅವರ ಪಕ್ಕದ ಹಾಸಿಗೆಯ ಸುರುಳಿಯನ್ನು ನೋಡಿ ಅದೇ ಅವರೆಂದುಕೊಂಡೆ. ಅವರ ಹೆಂಡತಿ, ಚಾಚಿ, ಚಹಾ ತಂದು ಕೊಟ್ಟು ಒಳಗೆ ಹೋದರು. ಉಸ್ತಾದ್ ನನ್ನ ದವಾಖಾನೆಯ ಹೊಸ ಯಂತ್ರದ ಬಗ್ಗೆ ಕೇಳಿದರು, ಬೇಸಿಗೆಯಲ್ಲಿ ನೀರಿಗೆ ಏನು ಮಾಡುತ್ತೀರಿ ಎಂದು ಕೇಳಿದರು. ಐಸು ಹಾಕುತ್ತೇವೆ ಅಂದೆ. ಐಸು, ಎಂದು ತಮ್ಮಷ್ಟಕ್ಕೆ ಅಂದುಕೊಂಡು ನಕ್ಕರು.

ಆಗ ಹೇಳಿದೆ. ಪುಸ್ತಕದಲ್ಲಿ ಇತ್ತು, ನಾನು ಓದಿದ್ದೆ, ನಿಮಗೆ ಓದದೆ ಹಾಳೆ ತಿರುವಿದೆ.

ಅವರು ಧೋತರದ ತುಂಡನ್ನು ತೋಳಿನ ಮೇಲೆ ಸರಿಮಾಡಿಕೊಂಡರು. ಆಮೇಲೆ ಏನು ಬರೆದಿತ್ತು ಎಂದು ಕೇಳಿದರು. ನನಗೆ ಬಾಯಿಪಾಠವಾಗಿತ್ತು. ಹೇಳಿದೆ. ಆಳಂದದಲ್ಲಿ ಕೇಳುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ ಕೇಳಿದರು. ಒಂದು ಕಡೆ ತಡೆದು, ಇನ್ನೊಮ್ಮೆ ಹೇಳು ಅಂದರು. ಇನ್ನೊಮ್ಮೆ ಹೇಳಿದೆ.

"ಚಿತ್ರಾನೂ ಇತ್ತೇನು?"

"ಇತ್ತ್ರಿ."

"ನನ್ನ ಕೈಯಂಥದೇನು?"

"ಹೌದ್ರಿ."

ತಲೆ ಆಡಿಸಿದರು. ನಾನು ಕಾಯುತ್ತಿದ್ದೆ. ಇರಲಿ ಬಿಡು, ಯಾರು ಕೇಳುತ್ತಿದ್ದರು, ಅಲ್ಲಾಹ್‌ನ ಮರ್ಜಿ, ಇಂಥದೇನಾದರೂ ಬರುತ್ತದೆಂದು. ಬರಲಿಲ್ಲ. ನಾನೇ ಅದನ್ನು ಅವರ ಬಾಯಿಗೆ ಕೊಡಲು ನೋಡಿದೆ.

"ನಾ ಹೇಳಿದ್ರೂ ನೀವು ಕೈ ಇಡೂದು ಬಿಡ್ತಿದ್ದಿಲ್ಲ, ಅಲ್ರೀ ಉಸ್ತಾದ್?"

ಅವರು ಯೋಚಿಸಿದರು. ಅವರು ಯಾವುದಕ್ಕೂ ಯೋಚಿಸದೆ ಉತ್ತರ ಕೊಟ್ಟವರಲ್ಲ.

"ಬಿಡ್ತಿದ್ದೆ" ಅಂದರು. "ನೀ ಓದಿದ್ರ ಬಿಡ್ತಿದ್ದೆ ಲೇ. ನೀ ಓದಿ ಬ್ಯಾಡ ಅಂದದ್ದು ಯಾವುದು ನಾ ಬಿಟ್ಟಿಲ್ಲ ಹೇಳು."

ಸಿಟ್ಟಿನಿಂದ ಅಂದದ್ದಲ್ಲ. ಕೇಳಿದ್ದಕ್ಕೆ ಹೇಳಿದರು. ಆಮೇಲೆ ಒಳಗೆ ಕೂಗಿ ನನಗೆ ರೊಟ್ಟಿ ಹಾಕಲು ಹೇಳಿದರು. ನಾನು ಉಂಡೆ. ಅವರ ಎದುರು ಕುಳಿತು, ಎರಡು ರೊಟ್ಟಿ, ಪುಂಡಿ ಪಲ್ಯ, ಪೂರ್ತಿ ಉಂಡೆ. ಅವರು ನೋಡುತ್ತಾ ಕುಳಿತಿದ್ದರು.

ಮುಂದಿನ ತಿಂಗಳು ಹೋದರು. ಮಣ್ಣಿಗೆ ನನಗೆ ಹೋಗಲಾಗಲಿಲ್ಲ. ಕಾಗದ ತಡವಾಗಿ ಬಂತು.

ಆಮೇಲೆ ದೊಡ್ಡ ದೊಡ್ಡ ಡಾಕ್ಟರರನ್ನು ಸುತ್ತು ಬಳಸಿ ಕೇಳಿದ್ದೇನೆ. ಇಪ್ಪತ್ತೈದು ವರ್ಷ ಕೈ ಇಟ್ಟವನಿಗೆ ಕೊನೆಯ ಕೆಲವು ತಿಂಗಳಿಂದ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ, ಆಗುವುದು ಅಷ್ಟರಲ್ಲೇ ಆಗಿತ್ತು ಎನ್ನುತ್ತಾರೆ. ನಿಜವಿರಬಹುದು. ಆದರೆ ನಾನು ಹೊರಟ ಮೇಲೂ ಅವರು ಒಂದು ವರ್ಷ ಕೈ ಇಟ್ಟರು. ಗಂಟು ಹುಣ್ಣಾದದ್ದು ಆ ವರ್ಷದಲ್ಲಿ. ನನ್ನ ಜಾಗಕ್ಕೆ ಬಂದವನಿಗೂ ಅವರು ಅದೇ ಕೈಯಿಂದ ಕಲಿಸುತ್ತಿದ್ದರಂತೆ.

ಇನ್ನೊಂದು ಹೇಳಿ ಮುಗಿಸಬೇಕು. ಜೇವರ್ಗಿಯ ಆ ದಿನದ ಪುಟ ಈಗ ನನ್ನ ಎದುರಿಗಿದೆ. ನನ್ನದೇ ಅಕ್ಷರ, ಮಸಿ ಸ್ವಲ್ಪ ಹರಡಿದೆ. "ಉಸ್ತಾದರನ್ನು ಕಂಡೆ. ಎಲ್ಲ ಹೇಳಿಕೊಂಡೆ. ನೀನು ಹೇಳಿದ್ದರೂ ನಾನು ಬಿಡುತ್ತಿರಲಿಲ್ಲ ಎಂದು ನಕ್ಕರು." ನೆನಪು ಒಂದು ಹೇಳಿ ದಿನಚರಿ ಇನ್ನೊಂದು ಹೇಳಿದಾಗಲೆಲ್ಲ ನಾನು ದಿನಚರಿಯನ್ನೇ ನಂಬುತ್ತ ಬಂದವನು. ಈ ಪುಟವನ್ನೂ ಎಷ್ಟೋ ವರ್ಷ ನಂಬಿದೆ. ನನ್ನ ಹೆಂಡತಿಗೆ, ಮಕ್ಕಳಿಗೆ, ನಾನು ಕಲಿಸಿದ ಹುಡುಗರಿಗೆ ಹೀಗೆಯೇ ಹೇಳಿದ್ದೇನೆ. ಕೇಳಿದವರೆಲ್ಲ ಎಂಥ ದೊಡ್ಡ ಮನುಷ್ಯ ಅಂದರು.

ಅವರು ನಗಲಿಲ್ಲ. ಬಿಡ್ತಿದ್ದೆ ಅಂದರು.